ನೆಟ್‌ವರ್ಕ್ ಅಪ್‌ಗ್ರೇಡ್ ಅಂದ್ರು, ಇದ್ದದ್ದೂ ಹೋತು! ಈಗ ಏನ್ ಮಾಡ್ಬೇಕ್ರಿ?

ದೀಪಾವಳಿ ಮುಂದ ಒಂದು ಮೆಸೇಜ್ ಬಂತ್ರಿ, ನಿಮ್ಮ ಏರಿಯಾದಾಗ ನೆಟ್‌ವರ್ಕ್ ಅಪ್‌ಗ್ರೇಡ್ ನಡದೈತಿ, ಸ್ವಲ್ಪ ದಿನ ಸಹಕರಿಸ್ರಿ ಅಂತ. ಸಹಕರಿಸಿದ್ವಿ. ಅವತ್ತಿಂದ ಧಾರವಾಡದ ನಮ್ಮ ಹಳೇ ಮನಿಯೊಳಗ ಫೋನ್ ಹತ್ತೂದ ಬಂದ್ ಆತು, ಅವ್ವ ಗದಗಿನ ಅಕ್ಕನ ಜೋಡಿ ಮಾತಾಡ್ಬೇಕಂದ್ರ ಹಿತ್ತಲಕ್ಕ ಹೋಗಿ ತುಳಸಿಕಟ್ಟಿ ಹತ್ರ ನಿಂದ್ರಬೇಕು, ಇತ್ತ ಹುಬ್ಬಳ್ಳಿ ದುರ್ಗದಬೈಲಿನ ಅಂಗಡ್ಯಾಗ ಗಿರಾಕಿ ಸ್ಕ್ಯಾನ್ ಮಾಡಿ ರೊಕ್ಕ ಹಾಕ್ಯಾರ, ನನ್ನ ಫೋನಿಗೆ ಮೆಸೇಜ ಬರವಲ್ದು, ಇಬ್ರೂ ಮಾರಿ ಮಾರಿ ನೋಡ್ಕೋತ ನಿಂತೀವಿ. ಕಂಪನಿ ಹೆಸರು ಬ್ಯಾಡ. ನಾಕು ತಿಂಗಳು ಒದ್ದಾಡಿ ಕಲತದ್ದನ್ನ ಬರೀತೀನಿ, ನಿಮಗಾದ್ರೂ ಬ್ಯಾಗ ಆಗ್ಲಿ.

ಮೊದ್ಲು ಕಾಲ್ ಸೆಂಟರಿನ ಹುಡುಗೂರ ಮ್ಯಾಲೆ ಬೈದಾಡೂದು ಬಿಡ್ರಿ, ಅವರ ಕೈಯಾಗ ಟವರ್ ಇಲ್ಲ. ರೋಗ ಎಲ್ಲೈತಿ ಅದನ್ನ ಹುಡುಕ್ರಿ. ನಿಮ್ಮ ಸಿಮ್ ತಗದು ಮನ್ಯಾಗಿನ ಇನ್ನೊಂದು ಫೋನಿಗೆ ಹಾಕಿ ನೋಡ್ರಿ, ಅಲ್ಲಿ ಚಲೋ ಬಂತಂದ್ರ ನಿಮ್ಮ ಫೋನಿಂದ ತಪ್ಪು. ಅಲ್ಲೂ ಬರ್ಲಿಲ್ಲ, ಆದ್ರ ಅದ ಕಂಪನಿಯ ಬಾಜೂ ಮನಿಯವರ ಸಿಮ್ ಅದ ಜಾಗಾದಾಗ ಚಲೋ ನಡೀತೈತಿ ಅಂದ್ರ ನಿಮ್ಮ ಸಿಮ್ ಹಳೇದಾಗಿರಬೇಕು. ಇಬ್ರಿಗೂ ಇಲ್ಲಂದ್ರ ಟವರಿಂದು.

ಫೋನಿನ ಮ್ಯಾಲಿನ ಸಿಗ್ನಲ್ ಕಡ್ಡಿ ನೋಡಿ ಮೋಸ ಹೋಗಬ್ಯಾಡ್ರಿ. ಆಂಡ್ರಾಯ್ಡ್ ಫೋನಿನ್ಯಾಗ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಅಂತ ಹೋದ್ರ ಸಿಗ್ನಲ್ ಸ್ಟ್ರೆಂತ್ ಅಂತ ಒಂದು ಮೈನಸ್ ನಂಬರ್ ಇರ್ತೈತಿ. -85 ಹತ್ರ ಇದ್ರ ಚಲೋ, -100 ದಾಟಿದ್ರ ಕುಂಟ್ಕೋತ ನಡೀತೈತಿ, -115 ಅಂದ್ರ ಆತ್ರಿ ಮುಗೀತು. ನಮ್ಮ ಅಡಗಿಮನ್ಯಾಗ -118, ತುಳಸಿಕಟ್ಟಿ ಹತ್ರ -97. ನಂಬರ್ ಚಲೋ ಐತಿ, ಆದ್ರ ಸಂಜಿ ಎಂಟರಿಂದ ಹತ್ತರ ತನಕ ವಿಡಿಯೋ ತಿರಗ್ಕೋತ ಕುಂದರ್ತೈತಿ ಅಂದ್ರ ಅದು ಸಿಗ್ನಲ್ ಸಮಸ್ಯೆ ಅಲ್ಲ, ಒಂದ ಟವರಿಗೆ ಮಂದಿ ಭಾಳ ಆಗ್ಯಾರ. ಕರೆಂಟ್ ಹೋದ ಮ್ಯಾಲೆ ಸ್ವಲ್ಪ ಹೊತ್ತಿಗೆ ಹೋಗ್ತೈತಿ ಅಂದ್ರ ಟವರಿನ ಬ್ಯಾಟರಿ ಸತ್ತೈತಿ, ಹಾವೇರಿ ಕಡೆ ಹಳ್ಯಾಗ ಇರೋರಿಗೆ ಇದನ್ನ ಹೇಳೂದ ಬ್ಯಾಡ. ಈ ಮೂರಕ್ಕೂ ಕಂಪ್ಲೇಂಟ್ ಬ್ಯಾರೆ ಬ್ಯಾರೆ ಬರಸ್ಬೇಕು, ಬರೇ ನೆಟ್‌ವರ್ಕ್ ಇಲ್ಲ ಅಂದ್ರ ಫೋನ್ ಆಫ್ ಮಾಡಿ ಆನ್ ಮಾಡ್ರಿ ಸರ್ ಅಂತಾರ.

ಅಪ್‌ಗ್ರೇಡ್ ಆದ್ರ ಹೆಂಗ್ರಿ ಕೆಡತೈತಿ ಅಂತ ನಾನೂ ಕೇಳಿದ್ದೆ. 5ಜಿ ಬಹಳಷ್ಟು ಕಡೆ 3300 ಮೆಗಾಹರ್ಟ್ಜ್ ಮ್ಯಾಲಿನ ತರಂಗದಾಗ ನಡೀತೈತಿ, ಸ್ಪೀಡ್ ಭಾಳ, ಆದ್ರ ಗ್ವಾಡಿ ದಾಟೂ ತಾಕತ್ತಿಲ್ಲ. 700, 850, 900 ಅಂತ ಕೆಳಗಿನವು ಗ್ವಾಡಿ ದಾಟ್ಕೊಂಡ ಬರ್ತಾವ. ನಮ್ಮ ಮನಿ ಗ್ವಾಡಿ ಒಂದೂವರಿ ಮೊಳ ದಪ್ಪ, ಫೋನು 5ಜಿ ಅಂತ ತೋರಿಸ್ಕೋತ ಒಂದು ಕಡ್ಡಿ ಹಿಡಕೊಂಡು ಜೋತಾಡ್ತಿತ್ತು. ನೆಟ್‌ವರ್ಕ್ ಟೈಪ್ 4ಜಿ ಅಂತ ಮಾಡಿಟ್ಟೆ, ಅರ್ಧ ತ್ರಾಸ ಅವತ್ತ ಹೋತು. ಇದನ್ನ ಹೇಳಾಕ ಕಂಪನಿಯವರಿಗೆ ಎರಡು ತಿಂಗಳು ಬೇಕಾತು ನೋಡ್ರಿ! ಹಂಗ ವೋಲ್ಟಿ, ಅಂದ್ರ 4ಜಿ ಮ್ಯಾಲೆ ಮಾತಾಡೂ ಸೌಲತ್ತು, ಆನ್ ಐತೇನ ನೋಡ್ರಿ, ಜಿಯೋದಾಗ 2ಜಿ, 3ಜಿ ಇಲ್ಲೇ ಇಲ್ಲ, ಅಲ್ಲಿ ವೋಲ್ಟಿ ಇಲ್ಲಂದ್ರ ಮಾತಿಲ್ಲ. ಬಿಎಸ್ಸೆನ್ನೆಲ್ 4ಜಿ 700 ಮತ್ತ 2100ದಾಗ ಐತಿ, ಹಳೇ ಫೋನಿಗೆ 700 ಬ್ಯಾಂಡ್ ಇರಂಗಿಲ್ಲ, ಸಿಮ್ಮೂ ಹಳೇದಿದ್ರ ಬದ್ಲಿ ಮಾಡಸ್ಬೇಕು. ಮನ್ಯಾಗ ವೈಫೈ ಐತಿ ಅಂದ್ರ ವೈಫೈ ಕಾಲಿಂಗ್ ಆನ್ ಮಾಡ್ರಿ. ಮತ್ತೊಂದು, ನಿಮ್ಮ ಸಿಮ್ 5ಜಿಗೆ ಅಪ್‌ಗ್ರೇಡ್ ಮಾಡ್ತೀವಿ ಒಟಿಪಿ ಹೇಳ್ರಿ ಅಂತ ಯಾರರ ಫೋನ್ ಮಾಡಿದ್ರ ಇಟ್ಟುಬಿಡ್ರಿ, ಕಳ್ಳರು.

ಈಗ ಕಂಪ್ಲೇಂಟ್. 198ಕ್ಕ ಫೋನ್ ಹಚ್ರಿ, ಅದು ಫ್ರೀ. ಜಾಗಾ, ಟೈಮು, ಆ ಮೈನಸ್ ನಂಬರ್ ಎಲ್ಲಾ ಹೇಳಿ ಡಾಕೆಟ್ ನಂಬರ್, ಅಂದ್ರ ಕಂಪ್ಲೇಂಟ್ ನಂಬರ್, ತಗೋರಿ, ಅದ ಮುಖ್ಯ. ಡಾಕೆಟ್ ಇಲ್ಲಂದ್ರ ನೀವು ಫೋನ ಮಾಡಿಲ್ಲ ಅಂತ ಲೆಕ್ಕ. ಒಂದೆರಡು ದಿನಕ್ಕ ನಿಮ್ಮ ಸಮಸ್ಯೆ ಬಗೆಹರಿದಿದೆ ಅಂತ ಮೆಸೇಜ್ ಬರ್ತೈತಿ, ಏನೂ ಬಗೆಹರಿದಿರಂಗಿಲ್ಲ, ಇಲ್ಲೇ ಮಂದಿ ಸಿಟ್ಟಾಗಿ ಬಿಟ್ಟುಬಿಡ್ತಾರ. ನಾನೂ ಎರಡು ಸಲ ಬಿಟ್ಟಿದ್ದೆ. ಮುಂದ ಅಪೀಲ್ ಐತ್ರಿ! ಟೆಲಿಕಾಂ ಕಂಪನಿಗಳ ಮ್ಯಾಲೆ ನಿಗಾ ಇಡೂ ಟ್ರಾಯ್ ಸಂಸ್ಥೆಯ 2012ರ ನಿಯಮದಾಗ ಪ್ರತಿ ಕಂಪನಿನೂ ಅಪೀಲ್ ಅಥಾರಿಟಿ ಇಡಬೇಕು, 30 ದಿನದೊಳಗ ಹಾಕ್ಬೇಕು, ರೊಕ್ಕ ಕೊಡೂದಿಲ್ಲ, 39 ದಿನದಾಗ ಅವರು ತೀರ್ಮಾನ ಹೇಳಬೇಕು. ವಿಳಾಸ, ಇಮೇಲ್ ಕಂಪನಿ ವೆಬ್‌ಸೈಟಿನ ಕೆಳಗ ಎಲ್ಲೋ ಮೂಲ್ಯಾಗ ಇಟ್ಟಿರ್ತಾರ, ಹುಡುಕ್ರಿ. ಡಾಕೆಟ್ ನಂಬರ್, ಸಿಗ್ನಲ್‌ದ ಸ್ಕ್ರೀನ್‌ಶಾಟ್, ಅವರ ಬಗೆಹರಿದಿದೆ ಮೆಸೇಜು, ಇಷ್ಟ ಹಚ್ಚಿ ನಾಕು ಸಾಲು ಬರದು ಕಳಸ್ರಿ, ಪುರಾಣ ಬ್ಯಾಡ. ನಾನು ಅಪೀಲ್ ಹಾಕಿದ ಮ್ಯಾಲೇನ ಮೊದಲನೇ ಸಲ ಟವರ್ ಗೊತ್ತಿದ್ದ ಮನಷ್ಯಾ ಫೋನ್ ಮಾಡಿದ್ದು.

ನೇರ ಟ್ರಾಯ್‌ಗೆ ಬರದ್ರ ಉಪಯೋಗಿಲ್ಲ, ಒಬ್ಬೊಬ್ಬರ ಕಂಪ್ಲೇಂಟ್ ಅವರು ನೋಡಂಗಿಲ್ಲ. ಅಪೀಲಿನ್ಯಾಗೂ ಆಗ್ಲಿಲ್ಲಂದ್ರ ಕೇಂದ್ರ ಸರ್ಕಾರದ ದೂರು ಹಾಕೂ ವೆಬ್‌ಸೈಟ್ ಪಿಜಿ ಪೋರ್ಟಲ್‌ದಾಗ ಟೆಲಿಕಾಂ ಇಲಾಖೆಗೆ ಹಾಕ್ರಿ, ಇಲ್ಲಾ 1915 ಗ್ರಾಹಕ ಸಹಾಯವಾಣಿ ಐತಿ. ಮೊಬೈಲ್ ಕಂಪನಿ ಮ್ಯಾಲೆ ಗ್ರಾಹಕರ ಆಯೋಗಕ್ಕ ಹೋಗಾಕ ಬರಂಗಿಲ್ಲ ಅಂತ ಹಳೇ ಮಾತೊಂದು ಇತ್ತು, 2022ರ ಫೆಬ್ರವರಿಯೊಳಗ ಸುಪ್ರೀಂ ಕೋರ್ಟ್ ಹೋಗಬಹುದು ಅಂತ ಹೇಳೈತಿ. ನೀವು ಕೊಟ್ಟ ರೊಕ್ಕ 5 ಲಕ್ಷದೊಳಗಿದ್ರ ಫೀ ಇಲ್ಲ. ರೀಚಾರ್ಜ್‌ಗೆ 5 ಲಕ್ಷ ಕೊಟ್ಟೋರು ಯಾರರ ಇದ್ರ ನನಗ ಹೇಳ್ರಿ.

ಇನ್ನ ಇಡೀ ಜಿಲ್ಲಾ ಮಟ್ಟದಾಗ ನೆಟ್‌ವರ್ಕ್ 24 ತಾಸಿಗಿಂತ ಹೆಚ್ಚು ಬಿದ್ರ ಪ್ರಿಪೇಡ್‌ನವರಿಗೆ ವ್ಯಾಲಿಡಿಟಿ ಹೆಚ್ಚ ಮಾಡಬೇಕು, ಪೋಸ್ಟ್‌ಪೇಡ್‌ನವರಿಗೆ ಬಿಲ್‌ನ್ಯಾಗ ಕಡಿಮಿ ಮಾಡಬೇಕು ಅಂತ 2024ರ ಟ್ರಾಯ್ ನಿಯಮ ಐತಿ. ನಿಮ್ಮ ಓಣಿ ಟವರೊಂದ ಕೆಟ್ರ ಇದು ಸಿಗೂದಿಲ್ಲ.

ಕಡೀಕ ಪೋರ್ಟ್, ಅಂದ್ರ ನಂಬರ್ ಅದ ಇಟ್ಕೊಂಡು ಕಂಪನಿ ಬದ್ಲಿ ಮಾಡೂದು. ಸಿಟ್ಟಿನ್ಯಾಗ ಮಾಡಬ್ಯಾಡ್ರಿ, ಹೋಗೂ ಕಂಪನಿ ಸಿಮ್ ಇದ್ದ ಗೆಳ್ಯಾನ್ನ ಸಂಜಿ ಎಂಟಕ್ಕ ಮನಿಗೆ ಕರದು ಚಹಾ ಕುಡಿಸಿ, ಅಡಗಿಮನ್ಯಾಗ ಅವನ ಫೋನಿಂದ ಮಾತಾಡಿ ನೋಡ್ರಿ, ಬಿಆರ್‌ಟಿಎಸ್ ಬಸ್ಸಿನ್ಯಾಗ ಚಲೋ ಬಂದ್ರ ಏನ್ ಉಪಯೋಗ. ಕಂಪನಿ ವೆಬ್‌ಸೈಟಿನ್ಯಾಗ ಕವರೇಜ್ ನಕ್ಷಾನೂ ಇರ್ತೈತಿ, ಆದ್ರ ಅದು ಗ್ವಾಡಿ ಲೆಕ್ಕ ಹಿಡಿಯೂದಿಲ್ಲ. ಆಮ್ಯಾಲೆ ಇಂಗ್ಲಿಷಿನ್ಯಾಗ ಪೋರ್ಟ್ ಅಂತ ಬರದು ಜಾಗಾ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕ ಮೆಸೇಜ್ ಮಾಡ್ರಿ, ಹೊಸ ಕಂಪನಿಗೆ ಕೊಡೂ ಎಂಟು ಅಕ್ಷರದ ಕೋಡ್ ಬರ್ತೈತಿ, ನಮ್ಮ ಕಡೆ ಅದಕ್ಕ ನಾಕು ದಿನ ಜೀವ. ಈಗಿನ ಕಂಪನ್ಯಾಗ 90 ದಿನ ಆಗಿರ್ಬೇಕು, ಪೋಸ್ಟ್‌ಪೇಡ್ ಬಾಕಿ ಇರಬಾರ್ದು, ಸಿಮ್ ಬದ್ಲಿ ಮಾಡಿಸಿದ್ರ ಏಳು ದಿನ ಕಾಯಬೇಕು. ಉಳದ ಬ್ಯಾಲೆನ್ಸ್, ವ್ಯಾಲಿಡಿಟಿ ಹೊಸ ಕಂಪನಿಗೆ ಬರಂಗಿಲ್ಲ, ಅದಕ್ಕ ರೀಚಾರ್ಜ್ ಮುಗ್ಯೂ ಮುಂದ ಹಾಕ್ರಿ. ಬಿಟ್ಟು ಹೋಗಬ್ಯಾಡ್ರಿ ಸರ್, ಆಫರ್ ಕೊಡ್ತೀವಿ ಅಂತ ಫೋನ್ ಬರ್ತಾವ, ನಾಕು ತಿಂಗಳು ಸಿಗದ ಮಂದಿ ಅವತ್ತ ದಿನಕ್ಕ ಮೂರು ಸಲ ಸಿಗ್ತಾರ.

ನಾ ಪೋರ್ಟ್ ಮಾಡ್ಲಿಲ್ಲ. ಅಪೀಲ್ ಆದ ಮ್ಯಾಲೆ ಟವರಿನ ಆಂಟೆನಾ ಏನೋ ತಿರುವಿದ್ರಂತ, ಅಡಗಿಮನ್ಯಾಗ ಈಗ -104 ಬರ್ತೈತಿ. ಅವ್ವ ಮಾತ್ರ ರೂಢಿ ಬಿಡವಲ್ಲಳು, ಇನ್ನೂ ಅಕ್ಕನ ಫೋನ್ ಬಂದ್ರ ಎದ್ದು ತುಳಸಿಕಟ್ಟಿಗೆ ಹೊಂಡ್ತಾಳ.