ಪಂಚಾಯ್ತಿ ನೋಟೀಸು, ಮೂರು ಗುಡ್ಡೆ ಕಾಯಿ ಮತ್ತು ಪ್ಯಾಸಿವ್ ವಾಯ್ಸು

ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಬಂದ ಹೊಸತರಲ್ಲಿ ಪ್ಯಾಸಿವ್ ವಾಯ್ಸ್, ಅಂದರೆ ಮಾಡಿದವರನ್ನು ಹಿಂದಿಟ್ಟು ಏನಾಯಿತು ಅನ್ನುವುದನ್ನು ಮುಂದಿಡುವ ವಾಕ್ಯ, ನನಗೆ ಬಹಳ ಧೈರ್ಯದ ಪಾಠ. ಯಾಕೆಂದರೆ ಅದಕ್ಕೊಂದು ಟೇಬಲ್ ಇತ್ತು. ಬೋರ್ಡಿನ ಎಡಕ್ಕೆ ಟೆನ್ಸಿನ ಹೆಸರು, ನಡುವೆ ಆಕ್ಟಿವ್, ಬಲಕ್ಕೆ ಪ್ಯಾಸಿವ್. ಎಂಟು ಸಾಲು ಗೆರೆ ಎಳೆದು ಬರೆದರೆ ಒಂದು ಪೀರಿಯಡ್ ಮುಗಿಯುತ್ತಿತ್ತು. ಮಾರನೇ ದಿನ ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ‘ಹ್ಯಾಸ್ ಹ್ಯಾವ್ ಬೀನ್ ವಿ ತ್ರೀ’ ಎಂದು ರಾಗವಾಗಿ ಒಪ್ಪಿಸುತ್ತಿದ್ದರು. (ವಿ ತ್ರೀ ಅಂದರೆ ಕ್ರಿಯಾಪದದ ಮೂರನೇ ರೂಪ; ಈಟ್, ಏಟ್, ಈಟನ್ ಅನ್ನುವಲ್ಲಿ ‘ಈಟನ್’.) ನನಗೂ ಖುಷಿ, ಅವರಿಗೂ ಖುಷಿ.

ಖುಷಿ ಇಳಿಯುತ್ತಿದ್ದುದು ಹಾಳೆ ತಿದ್ದಲು ಕೂತಾಗ. ಒಂದು ಟೆಸ್ಟಿನಲ್ಲಿ ರಾಮ ಮಾವಿನಹಣ್ಣು ತಿನ್ನುತ್ತಿದ್ದಾನೆ ಅನ್ನುವ ವಾಕ್ಯ ಕೊಟ್ಟಿದ್ದೆ. ಬಂದ ಉತ್ತರಗಳಲ್ಲಿ ಒಂದು: ‘ಎ ಮ್ಯಾಂಗೋ ಈಸ್ ಬೀನ್ ಬೀಯಿಂಗ್ ಈಟ್ ಬೈ ರಾಮ’. (ನಮ್ಮ ಮಕ್ಕಳು ಇಂಗ್ಲಿಷಿನ ಸಾಲಿನ ಮೇಲೆ ಕನ್ನಡ ಅಕ್ಷರದಲ್ಲಿ ಉಚ್ಚಾರಣೆ ಬರೆದುಕೊಳ್ಳುತ್ತಾರಲ್ಲ, ಇಲ್ಲಿ ನಾನೂ ಹಾಗೇ ಬರೆಯುತ್ತೇನೆ.) ಆ ಹುಡುಗ ಸೋಮಾರಿಯಲ್ಲ. ಟೇಬಲ್ಲಿನಲ್ಲಿದ್ದ ಎಲ್ಲ ಸಾಮಾನನ್ನೂ ಒಂದೇ ಚೀಲಕ್ಕೆ ತುಂಬಿದ್ದ, ಅಷ್ಟೆ. ಬೀನ್, ಬೀಯಿಂಗ್ ಎರಡೂ ಅವನ ಕಿವಿಗೆ ಸಂತೆಯ ಬೀನ್ಸ್ ಆಗಿಯೇ ಕೇಳಿಸಿದ್ದವು.

ಹಾಗಾದರೆ ಕನ್ನಡದಿಂದ ಹೋಗೋಣ ಎಂದು ಪಕ್ಕದ ತರಗತಿಯ ಕರ್ಮಣಿ ಪ್ರಯೋಗವನ್ನು ಎರವಲು ತಂದೆ. ‘ರಾಮನಿಂದ ಹಣ್ಣು ತಿನ್ನಲ್ಪಟ್ಟಿತು.’ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಮಿಸ್, ಹಿಂಗೆ ಯಾರು ಮಾತಾಡ್ತಾರೆ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರೂ ಮಾತಾಡುವುದಿಲ್ಲ. ಗೊತ್ತಿಲ್ಲದ ಇಂಗ್ಲಿಷಿಗೆ ಕೇಳರಿಯದ ಕನ್ನಡವನ್ನು ಊರುಗೋಲು ಮಾಡಿಕೊಟ್ಟಿದ್ದೆ.

ದಾರಿ ಸಿಕ್ಕಿದ್ದು ಬಸ್ಸಿಗೆ ಕಾಯುವಾಗ. ಪಂಚಾಯ್ತಿ ಕಟ್ಟಡದ ಗೋಡೆಗೆ ನೀರಿನ ಟ್ಯಾಂಕಿನ ಬಗ್ಗೆ ಒಂದು ನೋಟೀಸ್ ಅಂಟಿಸಿದ್ದರು. ಟ್ಯಾಂಕನ್ನು ಸ್ವಚ್ಛಗೊಳಿಸಲಾಗುತ್ತಿದೆ, ಎರಡು ದಿನ ನೀರು ಬಿಡಲಾಗುವುದಿಲ್ಲ, ಸಾರ್ವಜನಿಕರಿಗೆ ಈ ಮೂಲಕ ತಿಳಿಸಲಾಗಿದೆ. ಟ್ಯಾಂಕ್ ತೊಳೆಯುವವನು ಯಾರು, ವಾಲ್ವ್ ತಿರುಗಿಸಿ ನೀರು ಬಿಡುವವನು ಯಾರು ಅನ್ನುವುದು ಊರಿಗೆಲ್ಲ ಗೊತ್ತು. ನೋಟೀಸಿನಲ್ಲಿ ಅವನ ಹೆಸರಿಲ್ಲ, ಬೇಕಾಗಿಯೂ ಇಲ್ಲ. ಬಸ್ಸು ಬರುವಷ್ಟರಲ್ಲಿ ಕೈಯಲ್ಲಿದ್ದ ಹಾಜರಿ ಚೀಟಿಯ ಹಿಂದೆ ಎಂಟು ರೂಪ ಬರೆದುಕೊಂಡಿದ್ದೆ.

ಮಾರನೇ ದಿನ ಬೋರ್ಡಿನ ಮೇಲೆ ಅದೇ ಟ್ಯಾಂಕು. ತೊಳೆಯಲಾಗುತ್ತದೆ ಅಂದರೆ ‘ಈಸ್ ಕ್ಲೀನ್ಡ್’. ತೊಳೆಯಲಾಗುತ್ತಿದೆ, ‘ಈಸ್ ಬೀಯಿಂಗ್ ಕ್ಲೀನ್ಡ್’. ತೊಳೆಯಲಾಗಿದೆ, ‘ಹ್ಯಾಸ್ ಬೀನ್ ಕ್ಲೀನ್ಡ್’. ತೊಳೆಯಲಾಯಿತು, ‘ವಾಸ್ ಕ್ಲೀನ್ಡ್’. ತೊಳೆಯಲಾಗುತ್ತಿತ್ತು, ‘ವಾಸ್ ಬೀಯಿಂಗ್ ಕ್ಲೀನ್ಡ್’. ತೊಳೆಯಲಾಗಿತ್ತು, ‘ಹ್ಯಾಡ್ ಬೀನ್ ಕ್ಲೀನ್ಡ್’. ತೊಳೆಯಲಾಗುವುದು, ‘ವಿಲ್ ಬಿ ಕ್ಲೀನ್ಡ್’. ನಾಳೆ ಹೊತ್ತು ಮುಳುಗುವಷ್ಟರಲ್ಲಿ ತೊಳೆಯಲಾಗಿರುತ್ತದೆ, ‘ವಿಲ್ ಹ್ಯಾವ್ ಬೀನ್ ಕ್ಲೀನ್ಡ್’. ಎಂಟಕ್ಕೆ ಎಂಟು.

ಆಮೇಲೆ ಕೇಳಿದೆ: ಈ ಎಂಟರಲ್ಲಿ ಬದಲಾಗದೇ ಇರೋದು ಯಾವುದು? ಕನ್ನಡದಲ್ಲಿ ‘ತೊಳೆಯಲ್’ ಅಲ್ಲಾಡುವುದಿಲ್ಲ, ‘ಆಗು’ ಒಂದೇ ವೇಷ ಬದಲಿಸುತ್ತಾ ಹೋಗುತ್ತದೆ. ಇಂಗ್ಲಿಷಿನಲ್ಲಿ ‘ಕ್ಲೀನ್ಡ್’ ಅಲ್ಲಾಡುವುದಿಲ್ಲ, ‘ಬಿ’ ವೇಷ ಬದಲಿಸುತ್ತದೆ. ಇದನ್ನು ನಾನು ಹೇಳಲಿಲ್ಲ, ಮುಂದಿನ ಬೆಂಚಿನ ಹುಡುಗಿ ಹೇಳಿದಳು. ಹೇಳಿಸುವುದಕ್ಕೆ ಒಂದು ಪೀರಿಯಡ್ ಪೂರ್ತಿ ಹಿಡಿಯಿತು ಅನ್ನುವುದು ಬೇರೆ ಮಾತು.

ಇದಾದ ಮೇಲೆ ಟೇಬಲ್ಲನ್ನು ಬಾಯಿಪಾಠ ಮಾಡಿಸುವುದೇ ಬೇಡವಾಯಿತು. ಆಕ್ಟಿವ್ ವಾಕ್ಯದಲ್ಲಿ ಮುಖ್ಯ ಕ್ರಿಯಾಪದ ಯಾವ ರೂಪದಲ್ಲಿ ಕೂತಿದೆಯೋ ಆ ಕುರ್ಚಿ ಈಗ ‘ಬಿ’ಗೆ. ಕುರ್ಚಿ ಬಿಟ್ಟ ಕ್ರಿಯಾಪದ ಮೂರನೇ ರೂಪದಲ್ಲಿ ಪಕ್ಕಕ್ಕೆ. ಹೆಡ್‌ಮಾಸ್ಟರ್ ವರ್ಗವಾದಾಗ ಚಾರ್ಜ್ ಕೊಡುತ್ತಾರಲ್ಲ, ಹಾಗೆ. ‘ರೈಟ್ಸ್’ ಕೂತಿದ್ದ ಕಡೆ ‘ಈಸ್’ ಇಲ್ಲವೇ ‘ಆರ್’. ‘ರೋಟ್’ ಕೂತಿದ್ದ ಕಡೆ ‘ವಾಸ್’ ಇಲ್ಲವೇ ‘ವರ್’. ‘ರೈಟಿಂಗ್’ ಇದ್ದರೆ ‘ಬೀಯಿಂಗ್’, ‘ರಿಟನ್’ ಇದ್ದರೆ ‘ಬೀನ್’, ‘ವಿಲ್’ ಆದಮೇಲೆ ಬರೀ ‘ರೈಟ್’ ಇದ್ದರೆ ಬರೀ ‘ಬಿ’. ಕ್ಯಾನ್, ಮಸ್ಟ್, ಶುಡ್ ಬಂದರೂ ಇದೇ ಲೆಕ್ಕ, ಅವಕ್ಕೆ ಬೇರೆ ಪಾಠ ಬೇಡ. ಬೀನ್ ಮತ್ತು ಬೀಯಿಂಗ್ ಕಲಸಿಹೋಗುತ್ತಿದ್ದ ರೋಗಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ. ಬಿಟ್ಟು ಬಂದ ಪದದ ಬಾಲದಲ್ಲಿ ‘ಇಂಗ್’ ಇದ್ದರೆ ಕೂರಲು ಬಂದದ್ದರ ಬಾಲದಲ್ಲೂ ‘ಇಂಗ್’ ಇರಬೇಕು, ಮುಗಿಯಿತು. ಹನ್ನೆರಡು ಟೆನ್ಸ್ ಇರುವಾಗ ಎಂಟೇ ಯಾಕೆ ಎಂದು ಜಾಣರು ಕೇಳುತ್ತಾರೆ. ಉಳಿದ ನಾಲ್ಕಕ್ಕೂ ಕಟ್ಟಬಹುದು, ‘ಹ್ಯಾಸ್ ಬೀನ್ ಬೀಯಿಂಗ್ ಕ್ಲೀನ್ಡ್’ ಎಂದು. ಆದರೆ ಇಂಗ್ಲಿಷಿನವರಿಗೇ ಅದು ಬಾಯಿಗೆ ಒಗ್ಗುವುದಿಲ್ಲ, ಬಿಟ್ಟುಬಿಡಿ ಅನ್ನುತ್ತೇನೆ.

ಅವರಿಗೆ ‘ಈಸ್ ಬೀಯಿಂಗ್’ ಕೂಡ ಸಲೀಸಾಗಿ ಒಗ್ಗಿದ್ದಲ್ಲ. 18ನೇ ಶತಮಾನದ ಕೊನೆಯ ಹೊತ್ತಿಗಷ್ಟೇ ಅದು ಬಳಕೆಗೆ ಬಂದದ್ದು. ಅದಕ್ಕೆ ಮುಂಚೆ ಮನೆ ಕಟ್ಟಲಾಗುತ್ತಿದೆ ಅನ್ನುವುದಕ್ಕೆ ‘ದ ಹೌಸ್ ಈಸ್ ಬಿಲ್ಡಿಂಗ್’ ಅನ್ನುತ್ತಿದ್ದರು. 19ನೇ ಶತಮಾನದಲ್ಲೂ ವ್ಯಾಕರಣದ ಪಂಡಿತರು ‘ಈಸ್ ಬೀಯಿಂಗ್ ಬಿಲ್ಟ್’ ಕಂಡು ಮೂಗು ಮುರಿದದ್ದುಂಟು. ಇದನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳ ಮುಖ ನೋಡಬೇಕು. ತಾವು ಎಡವಿದ ಕಲ್ಲಿಗೆ ದೊರೆಗಳೂ ಎಡವಿದ್ದರು ಅನ್ನುವ ಸಮಾಧಾನ.

ರೂಪ ಕಟ್ಟಲು ಬಂತು. ಯಾವಾಗ ಯಾವುದು ಅನ್ನುವುದು ಬರಬೇಕಲ್ಲ. ನಮ್ಮದು ತಿಪಟೂರು ಸೀಮೆ. ಕಾಯಿ ಇಳಿಸಿ ಅಟ್ಟಕ್ಕೆ ಹಾಕಿದರೆ ಹೆಚ್ಚುಕಮ್ಮಿ ವರ್ಷದ ಮಾತು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುವವರೆಗೆ ಮುಟ್ಟುವಂತಿಲ್ಲ. ಆಮೇಲೆ ಸುಲಿಯುವುದು. ಸುಲಿಸುವ ದಿನ ಯಾರ ಮನೆಯಂಗಳಕ್ಕೆ ಹೋದರೂ ಮೂರು ಗುಡ್ಡೆ ಕಾಣುತ್ತವೆ. ಬೋರ್ಡಿನ ಮೇಲೆ ಮೂರು ಗುಡ್ಡೆ ಬರೆದು, “ಏನ್ರೋ ಇವು?” ಎಂದೆ.

“ಇದು ಸುಲಿದಾಗೈತೆ ಮಿಸ್. ಇದು ಸುಲೀತಾವ್ರೆ. ಅದಿನ್ನೂ ಸುಲೀಬೇಕು.”

ಮೊದಲ ಗುಡ್ಡೆಯ ಕೆಳಗೆ ‘ಹ್ಯಾವ್ ಬೀನ್ ಹಸ್ಕ್ಡ್’, ಎರಡನೆಯದಕ್ಕೆ ‘ಆರ್ ಬೀಯಿಂಗ್ ಹಸ್ಕ್ಡ್’, ಮೂರನೆಯದಕ್ಕೆ ‘ವಿಲ್ ಬಿ ಹಸ್ಕ್ಡ್’. ಎಲ್ಲರೂ ತಪ್ಪಿಲ್ಲದೆ ಬರೆದರು. ಮೂರನೆಯದಕ್ಕೆ ಒಬ್ಬ ‘ಹ್ಯಾವ್ ಟು ಬಿ ಹಸ್ಕ್ಡ್’ ಎಂದು ಬರೆದಿದ್ದ, ನಾನು ಕಲಿಸಿರಲಿಲ್ಲ. ‘ಸುಲೀಬೇಕು’ ಅಂದಮೇಲೆ ‘ವಿಲ್’ ಸಾಲದು ಎಂದು ಅವನಿಗೇ ಅನ್ನಿಸಿತ್ತು. ‘ನಿನ್ನೆ ಸುಲಿಯಲಾಯಿತು’ ಅನ್ನುವುದಕ್ಕೂ ‘ಸುಲಿಯಲಾಗಿದೆ’ ಅನ್ನುವುದಕ್ಕೂ ಇರುವ ವ್ಯತ್ಯಾಸವೂ ಇಲ್ಲೇ ತಿಳಿಯಿತು. ಗುಡ್ಡೆ ಎದುರಿಗೇ ಇದ್ದರೆ ‘ಹ್ಯಾವ್ ಬೀನ್’. ನಿನ್ನೆ, ಹೋದ ಬುಧವಾರ ಅಂತ ದಿನ ಹೇಳಿದರೆ ‘ವರ್’.

ಇಷ್ಟು ಹೇಳಿದರೆ ‘ಲಾಗಿದೆ’ ಎಲ್ಲ ಬೀಗಕ್ಕೂ ಕೀಲಿಕೈ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ಮುಂದಿನ ಟೆಸ್ಟಿನ ಹಾಳೆ ಬರುವವರೆಗೆ.

‘ಮಕ್ಕಳನ್ನು ಕರೆಯಲಾಗಿದೆ’ ಅನ್ನುವುದಕ್ಕೆ ಅರ್ಧ ತರಗತಿ ‘ಚಿಲ್ಡ್ರನ್ ಹ್ಯಾಸ್ ಬೀನ್ ಕಾಲ್ಡ್’ ಎಂದು ಬರೆದಿತ್ತು. ತಪ್ಪು ಅವರದಲ್ಲ, ನಾನು ಕೊಟ್ಟ ಊರುಗೋಲಿನದು. ‘ಲಾಗಿದೆ’ ವಾಕ್ಯದಲ್ಲಿ ‘ಮಕ್ಕಳನ್ನು’ ದ್ವಿತೀಯಾ ವಿಭಕ್ತಿಯಲ್ಲೇ ಉಳಿಯುತ್ತದೆ, ಕರ್ತೃವಾಗಿ ಬಡ್ತಿ ಪಡೆಯುವುದಿಲ್ಲ. ಹಾಗಾಗಿ ಒಬ್ಬನನ್ನು ಕರೆದರೂ ಕರೆಯಲಾಗಿದೆ, ನೂರು ಜನರನ್ನು ಕರೆದರೂ ಕರೆಯಲಾಗಿದೆ. ಇಂಗ್ಲಿಷಿನಲ್ಲಿ ಕರ್ಮಕ್ಕೆ ಬಡ್ತಿ ಸಿಗುತ್ತದೆ, ಅದು ಒಂದೋ ಹಲವೋ ಎಂದು ‘ಬಿ’ ಕೇಳಿಯೇ ಮುಂದೆ ಹೋಗುವುದು. ‘ಹಿಮ್ ವಾಸ್ ಸೆಂಟ್’ ಎಂದು ಬರೆಯುವುದಕ್ಕೂ ಇದೇ ಕಾರಣ. ಅವನನ್ನು ಕಳಿಸಲಾಯಿತು, ಅದಕ್ಕೇ ‘ಹಿಮ್’.

ಆಗ ನಾನು ಮೂಲೆಗೆಸೆದಿದ್ದ ‘ಅಲ್ಪಟ್ಟಿತು’ ನೆನಪಾಯಿತು. ಮಕ್ಕಳು ಕರೆಯಲ್ಪಟ್ಟರು. ಅವನು ಕಳುಹಿಸಲ್ಪಟ್ಟನು. ನೋಡಿ, ಅಲ್ಲಿ ‘ಅನ್ನು’ ಉದುರಿಹೋಗಿದೆ, ಕ್ರಿಯಾಪದ ‘ಮಕ್ಕಳು’ ಅನ್ನುವುದಕ್ಕೆ ಹೊಂದಿಕೊಂಡಿದೆ. ಇಂಗ್ಲಿಷಿನ ಕಟ್ಟಡ ಇದೇ. ಹಾಗಾಗಿ ಈಗ ಎರಡನ್ನೂ ಇಟ್ಟುಕೊಂಡಿದ್ದೇನೆ. ಟೆನ್ಸಿಗೆ ‘ಲಾಗಿದೆ’, ಮೊದಲ ಪದಕ್ಕೆ ‘ಅಲ್ಪಟ್ಟ’. ಹಿಂದಿನ ಬೆಂಚಿನವರು ಇವತ್ತಿಗೂ ನಗುತ್ತಾರೆ. ನಗಲಿ, ‘ಹಿಮ್’ ಅಂತೂ ಹೋಯಿತು.

ಎರಡನೆಯ ಗುಂಡಿ ಇನ್ನೂ ಆಳದ್ದು. ‘ಆಯಿತು’ ಅಂದರೆ ‘ವಾಸ್’ ಎಂದು ನಾನೇ ತಲೆಗೆ ತುಂಬಿದ್ದೆ. ಅವರು ‘ಏನಾಯ್ತು’ಗೆ ‘ವಾಟ್ ವಾಸ್ ಹ್ಯಾಪನ್ಡ್’ ಎಂದು ಬರೆದರು. ನಿಧನರಾದರು, ‘ವಾಸ್ ಡೈಡ್’. ಆಕ್ಸಿಡೆಂಟ್ ಆಯ್ತು, ‘ಆಕ್ಸಿಡೆಂಟ್ ವಾಸ್ ಆಕರ್ಡ್’. ಡಿಗ್ರಿ ಆದವರ ರಜೆ ಅರ್ಜಿಗಳಲ್ಲೂ ಇದನ್ನು ನೋಡಿದ್ದೇನೆ, ನನ್ನ ಹಳೆಯ ಅರ್ಜಿಯೊಂದರಲ್ಲೂ ಇದೆ. ಇದಕ್ಕೆ ಮದ್ದು ಕನ್ನಡ ವ್ಯಾಕರಣದ ಸಕರ್ಮಕ, ಅಕರ್ಮಕ. ಕ್ರಿಯಾಪದವನ್ನು ‘ಏನನ್ನು?’, ‘ಯಾರನ್ನು?’ ಎಂದು ಕೇಳು. ಸುಲಿದ, ಏನನ್ನು? ಕಾಯನ್ನು. ಉತ್ತರ ಬಂತು, ಪ್ಯಾಸಿವ್ ಆಗುತ್ತದೆ. ಸತ್ತ, ಏನನ್ನು? ಉತ್ತರವಿಲ್ಲ. ಸಾಯಲಾಯಿತು ಅನ್ನಲು ಬರುತ್ತದೆಯೇ? ಇಲ್ಲ. ಅಲ್ಲಿಗೆ ‘ವಾಸ್’ ತೆಗೆದುಹಾಕು.

ಈ ಮದ್ದೂ ‘ಒಡೆ’ಯ ಮುಂದೆ ಸ್ವಲ್ಪ ತಡವರಿಸುತ್ತದೆ. ಕಿಟಕಿ ಗಾಜು ಒಡೆದಾಗ ಯಾರೂ ‘ಒಡೆದೆ’ ಅನ್ನುವುದಿಲ್ಲ, ‘ಒಡೆದೋಯ್ತು ಮಿಸ್’ ಅನ್ನುತ್ತಾರೆ. ಇದೇ ನೋಡಿ ಅಪ್ಪಟ ಕನ್ನಡದ ಪ್ಯಾಸಿವ್ ಎಂದು ಒಂದು ವರ್ಷ ಹೆಮ್ಮೆಯಿಂದ ಹೇಳಿಕೊಟ್ಟೆ. ಅದು ಪ್ಯಾಸಿವ್ ಅಲ್ಲ. ‘ಒಡೆದೋಯ್ತು’ ಅಂದರೆ ‘ದ ಗ್ಲಾಸ್ ಬ್ರೋಕ್’, ಒಡೆದವನೇ ಇಲ್ಲ, ಅದರಷ್ಟಕ್ಕೆ ಅದು. ‘ವಾಸ್ ಬ್ರೋಕನ್’ ಅಂದರೆ ಒಡೆದವನು ಇದ್ದಾನೆ, ಹೆಸರು ಹೇಳುತ್ತಿಲ್ಲ. ಈಗ ಗಾಜು ಒಡೆದಾಗಲೆಲ್ಲ ‘ಬ್ರೋಕಾ, ವಾಸ್ ಬ್ರೋಕನ್ನಾ?’ ಎಂದೇ ವಿಚಾರಣೆ ಶುರು ಮಾಡುತ್ತೇನೆ.

ಇನ್ನು ‘ಬೈ’. ಕನ್ನಡದ ‘ಇಂದ’ ಒಂದೇ ಕೈಯಲ್ಲಿ ನಾಲ್ಕು ಕೆಲಸ ಮಾಡುತ್ತದೆ. ರಾಮನಿಂದ, ಮಚ್ಚಿನಿಂದ, ಮರದಿಂದ, ಊರಿನಿಂದ. ಮಕ್ಕಳು ಎಲ್ಲಕ್ಕೂ ‘ಬೈ’ ಹಚ್ಚುತ್ತಾರೆ. ‘ದ ಕೋಕೋನಟ್ ವಾಸ್ ಬ್ರೋಕನ್ ಬೈ ಎ ಮಚ್ಚು’ ಎಂದು ಬರೆದವನಿಗೆ, “ಮಚ್ಚು ಬೆಳಿಗ್ಗೆ ಎದ್ದು ತಾನೇ ಬಂತೇನೋ?” ಎಂದೆ. ಕೈಯಲ್ಲಿ ಹಿಡಿಯುವ ಸಾಮಾನಿಗೆ ‘ವಿತ್’ ಅನ್ನುವುದು ಆಮೇಲೆ ಯಾರಿಗೂ ಮರೆಯಲಿಲ್ಲ. ನಿಜ ಹೇಳಬೇಕೆಂದರೆ ‘ಬೈ’ಯ ಮೇಲೆ ನಾವು ಇಷ್ಟು ಒತ್ತು ಕೊಡುವುದೇ ತಪ್ಪು. ಇಂಗ್ಲಿಷಿನವರು ಬರೆಯುವ ಪ್ಯಾಸಿವ್ ವಾಕ್ಯಗಳಲ್ಲಿ ಹೆಚ್ಚಿನವಕ್ಕೆ ‘ಬೈ’ ಇರುವುದೇ ಇಲ್ಲ. ನೋಟೀಸಿನಲ್ಲೂ ಇರಲಿಲ್ಲವಲ್ಲ. ‘ರಾಮನಿಂದ ತೊಳೆಯಲಾಗಿದೆ’ ಅಂದರೆ ಕನ್ನಡಕ್ಕೇ ಗಂಟಲು ಕಟ್ಟುತ್ತದೆ. ಪರೀಕ್ಷೆಯಲ್ಲಿ ಕೇಳುತ್ತಾರೆ ಎಂದು ‘ಬೈ ರಾಮ’ ಬರೆಸುತ್ತೇನೆ, ಮನಸ್ಸಿಲ್ಲದೆ.

ಆಕ್ಟಿವ್ ಕೊಟ್ಟು ಪ್ಯಾಸಿವ್ ಮಾಡು ಅನ್ನುವ ಲೆಕ್ಕವನ್ನು ಹಾಗಾಗಿ ಕಡಿಮೆ ಮಾಡಿದ್ದೇನೆ. ಯಾರೂ ನಿಜಜೀವನದಲ್ಲಿ ಒಂದು ವಾಕ್ಯ ಹೇಳಿ ಅದನ್ನು ಮಗುಚುತ್ತಾ ಕೂರುವುದಿಲ್ಲ. ಬದಲಿಗೆ, ನಿಮ್ಮ ಮನೆಯಲ್ಲಿ ಕೊಬ್ಬರಿ ಹೇಗೆ ಆಗುತ್ತದೆ ಎಂದು ಎಂಟು ಸಾಲು ಬರೆಯಿರಿ ಅನ್ನುತ್ತೇನೆ. ಮಾಡುವವರು ಯಾರು ಅನ್ನುವುದಕ್ಕಿಂತ ಕಾಯಿಗೆ ಏನೇನಾಗುತ್ತದೆ ಅನ್ನುವುದೇ ಮುಖ್ಯವಾದ ಕಡೆ ಪ್ಯಾಸಿವ್ ತಾನಾಗಿ ಬರುತ್ತದೆ.

ಕಳೆದ ಸಲ ಒಬ್ಬ ಹುಡುಗಿ ಹೀಗೆ ಬರೆದಿದ್ದಳು. ದ ಕೋಕೋನಟ್ಸ್ ಆರ್ ಪ್ಲಕ್ಡ್. ದೇ ಆರ್ ಕೆಪ್ಟ್ ಆನ್ ದ ಅಟ್ಟ ಫಾರ್ ಒನ್ ಇಯರ್. ದೇ ಆರ್ ಹಸ್ಕ್ಡ್. ದ ಶೆಲ್ ಈಸ್ ಬ್ರೋಕನ್. ದೆನ್ ಮೈ ಮದರ್ ಟೇಕ್ ಔಟ್ ದ ಕೊಬ್ಬರಿ. ಇಟ್ ಈಸ್ ಸೋಲ್ಡ್ ಇನ್ ತಿಪಟೂರು.

ಐದನೆಯ ವಾಕ್ಯಕ್ಕೆ ಕೆಂಪು ಪೆನ್ನು ಹೋಯಿತು. ‘ಈಸ್ ಟೇಕನ್ ಔಟ್’ ಆಗಬೇಕಿತ್ತು. ಕರೆದು, “ಎಲ್ಲ ಸರಿಯಾಗಿ ಬರ್ದು ಇಲ್ಲೇಕೆ ತಪ್ಪಿದೆ?” ಎಂದೆ.

“ತಪ್ಪಲ್ಲ ಮಿಸ್. ಕೀಳೋರು, ಸುಲಿಯೋರು ಯಾರಾದ್ರೂ ಆಯ್ತದೆ, ಕೂಲಿಗೆ ಬರ್ತಾರೆ. ಕೊಬ್ರಿ ಒಡೀದಂಗೆ ಬಿಡ್ಸೋದು ನಮ್ಮಮ್ಮ ಒಬ್ಳೇ.”

‘ಟೇಕ್’ಗೆ ಒಂದು ‘ಎಸ್’ ಸೇರಿಸಿ ವಾಕ್ಯವನ್ನು ಹಾಗೇ ಬಿಟ್ಟೆ.