ಕಣ್ಣು ಮುಚ್ಚಿದ್ರೂ ಮಿಂಚು: ಬಾಹ್ಯಾಕಾಶದ ರೇಡಿಯೇಷನ್ ಕಣ್ಣಿಗೆ ಏನು ಮಾಡತ್ತೆ?

ಗಗನಯಾತ್ರಿಗಳ ದೃಷ್ಟಿ ಹಾಳಾಗತ್ತೆ ಅಂದ ಕೂಡ್ಲೇ ಎಲ್ರೂ ರೇಡಿಯೇಷನ್ ಮೇಲೆ ಗೂಬೆ ಕೂರಿಸ್ತಾರೆ, ಆದ್ರೆ ಅಲ್ಲಿ ಮೂರು ಬೇರೆ ಬೇರೆ ತೊಂದ್ರೆಗಳು ಸೇರ್ಕೊಂಡಿವೆ, ಒಂದೊಂದಾಗಿ ಬಿಡಿಸಿ ನೋಡೋಣ.

ಮೊದ್ಲು ರೇಡಿಯೇಷನ್ ಎಷ್ಟು ತಾಗತ್ತೆ ಅನ್ನೋದು. ನೆಲದ ಮೇಲಿರೋ ನಮಗೆ ವಾತಾವರಣ ಮತ್ತೆ ಭೂಮಿಯ ಕಾಂತಕ್ಷೇತ್ರ ಎರಡೂ ಅಡ್ಡ ಇರೋದ್ರಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ದೇಹಕ್ಕೆ ತಾಗೋ ರೇಡಿಯೇಷನ್ ಅಳೆಯೋ ಮಾನ) ತಾಗತ್ತೆ ಅಷ್ಟೇ, ಬಾಹ್ಯಾಕಾಶ ನಿಲ್ದಾಣದಲ್ಲಿ ಅಷ್ಟು ಒಂದು ವಾರದೊಳಗೇ ಆಗೋಗತ್ತೆ. ನಾಸಾದ ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಹೋಗೋ ದಾರಿಲಿ ಅಳೆದದ್ದು ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್. ಈ ರೇಡಿಯೇಷನ್ ಅಂದ್ರೆ ಜೋರಾಗಿ ಹಾರಿ ಬರೋ ಚಿಕ್ಕ ಕಣಗಳು, ಅವುಗಳಲ್ಲಿ ಹೆಚ್ಚಿನವು ಪ್ರೋಟಾನ್, ಸ್ವಲ್ಪ ಹೀಲಿಯಂ, ಕಬ್ಬಿಣದಂಥ ಭಾರದ ಪರಮಾಣುಗಳ ನ್ಯೂಕ್ಲಿಯಸ್ ನೂರಕ್ಕೆ ಒಂದರಷ್ಟು. ಆದ್ರೆ ಒಂದೊಂದೂ ಮಾಡೋ ಹಾನಿ ಲೆಕ್ಕ ಹಾಕಿದ್ರೆ ಈ ಭಾರದವೇ ಜೋರು.

ಈಗ ಮೊದಲ ತೊಂದ್ರೆ, ಕಣ್ಣು ಮುಚ್ಚಿದ್ರೂ ಕಾಣೋ ಮಿಂಚು. 1952ರಲ್ಲೇ ಕಾರ್ನೀಲಿಯಸ್ ಟೋಬಿಯಾಸ್ ಅನ್ನೋ ವಿಜ್ಞಾನಿ ಹೀಗಾಗಬಹುದು ಅಂತ ಹೇಳಿಟ್ಟಿದ್ರು, 1969ರಲ್ಲಿ ಅಪೊಲೊ 11ರ ಬಝ್ ಆಲ್ಡ್ರಿನ್ ನಿಜವಾಗ್ಲೂ ಕಂಡ್ರು. ಕತ್ತಲಲ್ಲಿ ಸ್ವಲ್ಪ ಹೊತ್ತು ಇದ್ದು ಕಣ್ಣು ಅದಕ್ಕೆ ಹೊಂದ್ಕೊಂಡ ಮೇಲೆ ಚುಕ್ಕಿ, ಗೆರೆ, ಒಮ್ಮೊಮ್ಮೆ ಮೋಡದ ಥರ ಬೆಳಕು, ಅಪೊಲೊ ಯಾನಗಳಲ್ಲಿ ಸರಾಸರಿ ಮೂರು ನಿಮಿಷಕ್ಕೊಂದು. ಕಣ ರೆಟಿನಾನ (ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸೋ ಪದರ) ನೇರವಾಗಿ ತೂರಿ ಹೋದಾಗ ನರ ಅದನ್ನ ಬೆಳಕು ಅಂದ್ಕೊಳ್ಳತ್ತೆ. ನೋಡೋಕೆ ಭಯ ಆಗತ್ತೆ ನಿಜ, ಆದ್ರೆ ನನ್ನ ಪ್ರಕಾರ ತಲೆ ಕೆಡಿಸ್ಕೋಬೇಕಾದ್ದು ಇದಲ್ಲ, ಎರಡನೇದು, ಸದ್ದಿಲ್ದೆ ಬರೋ ಕಣ್ಣಿನ ಪೊರೆ (ಕ್ಯಾಟರಾಕ್ಟ್).

ಅದು ಹೇಗೆ ಬರತ್ತೆ ನೋಡಿ. ಲೆನ್ಸಿನ ಮುಂಭಾಗದಲ್ಲಿ ಒಂದೇ ಪದರದ ಜೀವಕೋಶಗಳಿರ್ತವೆ, ಅಂಚಿನ ಹತ್ರ ಇರೋವು ವಿಭಜನೆ ಆಗ್ತಾ ಉದ್ದದ ನಾರುಗಳಾಗಿ ಬದಲಾಗ್ತವೆ, ಬೆಳಕಿಗೆ ಅಡ್ಡ ಬರಬಾರ್ದು ಅಂತ ತಮ್ಮೊಳಗಿನ ಕೋಶಕೇಂದ್ರವನ್ನೇ ಕಳಚ್ಕೊಳ್ತವೆ. ಕಣ ಬಡಿದು ಡಿಎನ್‌ಎ ಕೆಟ್ಟ ಕೋಶ ಈ ಕೆಲ್ಸ ಸರಿಯಾಗಿ ಮುಗಿಸಲ್ಲ, ಅರೆಬರೆ ಬೆಳೆದು ಹಿಂಬದಿಗೆ ಸರಿದು ಮಧ್ಯದಲ್ಲಿ ಗುಂಪಾಗತ್ತೆ. ಲೆನ್ಸಿಗೆ ರಕ್ತನಾಳ ಇಲ್ಲ, ಹಳೇ ಕೋಶ ಹೊರಗೆ ಉದುರೋ ದಾರಿನೂ ಇಲ್ಲ, ಹಾಗಾಗಿ ಕೆಟ್ಟದ್ದು ಅಲ್ಲೇ ಉಳಿಯತ್ತೆ. ದೃಷ್ಟಿ ಹಾಯೋ ದಾರಿಲೇ ಕೂತಿರೋದ್ರಿಂದ ಚಿಕ್ಕ ಮಸುಕಾದ್ರೂ ಓದೋಕೆ ಕಷ್ಟ, ಬಿಸಿಲಲ್ಲಿ ಪಾಪೆ ಕಿರಿದಾದಾಗಂತೂ ಇನ್ನೂ ಕಷ್ಟ. 2001ರಲ್ಲಿ ಪ್ರಕಟವಾದ ನಾಸಾ ಅಧ್ಯಯನದಲ್ಲಿ ಲೆನ್ಸಿಗೆ 8 ಮಿಲಿಸೀವರ್ಟಿಗಿಂತ ಜಾಸ್ತಿ ತಗೊಂಡ ಗಗನಯಾತ್ರಿಗಳಿಗೆ ಪೊರೆ ಬರೋ ಸಾಧ್ಯತೆ ಹೆಚ್ಚು, ಅದೂ ಬೇಗ ಬರತ್ತೆ ಅಂತ ಕಂಡುಬಂತು. ಒಂದು ಸಿ.ಟಿ. ಸ್ಕ್ಯಾನಿನಷ್ಟು ಅಂದ್ಕೊಳ್ಳಿ, ತೀರಾ ದೊಡ್ಡದೇನಲ್ಲ.

ಮೂರನೇದು, ತಿಂಗಳುಗಟ್ಟಲೆ ಅಲ್ಲಿದ್ದವರಿಗೆ ಹತ್ತಿರದ್ದು ಮಂಜಾಗೋದು. ಇದಕ್ಕೆ ಮುಖ್ಯ ಕಾರಣ ರೇಡಿಯೇಷನ್ ಅಲ್ಲ. ಗುರುತ್ವ ಇಲ್ದೆ ದೇಹದ ದ್ರವ ತಲೆ ಕಡೆ ಏರಿ, ಕಣ್ಣಿನ ನರ ಊದ್ಕೊಂಡು, ಗುಡ್ಡೆಯ ಹಿಂಭಾಗ ಚಪ್ಪಟೆ ಆಗತ್ತೆ, ಅದಕ್ಕೇ ಹೆಚ್ಚು ಪವರಿನ ಕನ್ನಡಕ ಜೊತೆಗೇ ಕಳಿಸ್ತಾರೆ. ಪೊರೆನೂ ಇದನ್ನೂ ಬೇರ್ಪಡಿಸಿ ನೋಡೋದು ಕಣ್ಣಿನ ಡಾಕ್ಟ್ರಿಗೆ ಕಷ್ಟ ಇಲ್ಲ: ಸ್ಲಿಟ್ ಲ್ಯಾಂಪಲ್ಲಿ (ಕಣ್ಣಿಗೆ ಬೆಳಕು ಬಿಟ್ಟು ದೊಡ್ಡದಾಗಿ ನೋಡೋ ಯಂತ್ರ) ಲೆನ್ಸ್ ಮಸುಕಾಗಿದ್ರೆ ಪೊರೆ, ಲೆನ್ಸ್ ತಿಳಿಯಾಗಿದ್ದು ಹಿಂದಿನ ನರ ಊದಿದ್ರೆ ದ್ರವದ ಕಾಟ.

ತಡೆಯೋದು ಹೇಗೆ ಅಂದ್ರೆ ಗೋಡೆ ದಪ್ಪ ಮಾಡಿದ್ರೆ ಸಾಲಲ್ಲ, ಅಲ್ಯೂಮಿನಿಯಂಗೆ ಬಡಿದ ಕಣ ಒಡೆದು ಇನ್ನಷ್ಟು ಕಣಗಳನ್ನ ಒಳಗೆ ಬಿಡತ್ತೆ. ಹೈಡ್ರೋಜನ್ ಜಾಸ್ತಿ ಇರೋ ಪಾಲಿಥೀನ್, ನೀರು ಇವೇ ವಾಸಿ. ಸೌರ ಬಿರುಗಾಳಿಗೆ ಇದು ಸಾಕಾಗಬಹುದು, ದೂರದ ನಕ್ಷತ್ರಲೋಕದಿಂದ ಬರೋ ಭಾರದ ಕಣಗಳನ್ನ ಪೂರ್ತಿ ನಿಲ್ಲಿಸೋ ಗೋಡೆ ಹೊತ್ತು ಹಾರೋಕೆ ಆಗಲ್ಲ. ಪೊರೆ ಬಂದ್ರೆ ಭೂಮಿಗೆ ವಾಪಸ್ ಬಂದು ಲೆನ್ಸ್ ಬದಲಾಯಿಸಿಕೊಳ್ಳಬಹುದು, ಸುಲಭದ ಆಪರೇಷನ್ನೇ, ಮಂಗಳದ ದಾರಿಲಿ ಮಾತ್ರ ಆ ಸೌಲಭ್ಯ ಇರಲ್ಲ.