ಹಾಲಿನ ಪ್ಯಾಕೆಟ್‌ನಲ್ಲಿ ತರಕಾರಿ ಸಸಿ: ನನ್ನ ಅನುಭವ

ತಾರಸಿ ತೋಟಕ್ಕೆ ಟೊಮೆಟೊ, ಬದನೆ, ಮೆಣಸಿನ ಸಸಿಗಳನ್ನು ನಾನು ಮನೆಯಲ್ಲೇ ಎಬ್ಬಿಸುತ್ತೇನೆ. ಬೆಂಡೆ, ಹುರುಳಿಕಾಯಿ, ಸೌತೆಗೆ ಈ ಉಪಚಾರ ಬೇಡ, ನೇರ ಕುಂಡಕ್ಕೇ ಬಿತ್ತಿದರಾಯಿತು. ದುಡ್ಡು ಹಾಕಬೇಕಾದದ್ದು ಬೀಜಕ್ಕೆ, ಕೊಕೊಪೀಟ್‌ಗೆ (ತೆಂಗಿನ ಸಿಪ್ಪೆಯ ನಾರಿನ ಪುಡಿ) ಮತ್ತು ಎರೆಗೊಬ್ಬರಕ್ಕೆ. ಟ್ರೇಗೆ ಒಂದು ರೂಪಾಯಿಯೂ ಬೇಡ.

ಬಿತ್ತಲು ಹೋಟೆಲ್ ಪಾರ್ಸೆಲ್‌ನ ಪ್ಲಾಸ್ಟಿಕ್ ಡಬ್ಬಿ, ಆಮೇಲೆ ಬಿಡಿಬಿಡಿಯಾಗಿ ಬೆಳೆಸಲು ಅರ್ಧ ಲೀಟರಿನ ಹಾಲಿನ ಪ್ಯಾಕೆಟ್. ಪ್ಯಾಕೆಟನ್ನು ಸೋಪು ನೀರಲ್ಲಿ ತೊಳೆಯದಿದ್ದರೆ ಇರುವೆ ಮುತ್ತುತ್ತದೆ. ಎರಡಕ್ಕೂ ತಳದಲ್ಲಿ ದಬ್ಬಳದಿಂದ ಐದಾರು ತೂತು. ಮೊಟ್ಟೆ ಟ್ರೇ ಎಲ್ಲರೂ ಹೇಳುವ ಉಪಾಯ, ನನಗೆ ಹಿಡಿಸಿಲ್ಲ: ಬೇಗ ಒಣಗುತ್ತದೆ, ನೀರು ಹೆಚ್ಚಾದರೆ ಕರಗಿ ಕೂರುತ್ತದೆ.

ಕೊಕೊಪೀಟ್ ಇಟ್ಟಿಗೆಯಲ್ಲಿ ಉಪ್ಪಿನಂಶ ಇರಬಹುದು. ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಹೊಸ ನೀರು ಹಾಕಿ ಮತ್ತೆ ಹಿಂಡಬೇಕು. ಕಂದು ನೀರು ತಿಳಿಯಾಗುವವರೆಗೆ. ಇದನ್ನು ಬಿಟ್ಟರೆ ಮೊಳಕೆ ಬಂದರೂ ಎಲೆಯಂಚು ಸುಡುತ್ತದೆ. ಮೂರು ಪಾಲು ಕೊಕೊಪೀಟ್‌ಗೆ ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು. ಕೆ.ಜಿ. ಎರೆಗೊಬ್ಬರಕ್ಕೆ 10 ಗ್ರಾಂ ಟ್ರೈಕೋಡರ್ಮ (ಕೊಳೆ ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಬೆರೆಸಿ, ತೇವವಾಗಿ ಒಂದು ವಾರ ನೆರಳಲ್ಲಿ ಮುಚ್ಚಿಟ್ಟರೆ ಒಳ್ಳೆಯದು. ಬೇವಿನ ಹಿಂಡಿ ಈ ಹಂತದಲ್ಲಿ ಬೇಡ, ಒದ್ದೆಯಾದಾಗ ಬೂಸ್ಟು ಹಿಡಿಯುತ್ತದೆ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಎರಡು ಮೂರು ಹನಿ ಬರಬೇಕು, ಧಾರೆ ಬಂದರೆ ನೀರು ಜಾಸ್ತಿ.

ಅಡುಗೆಮನೆಯ ಬ್ಯಾಡಗಿ ಮೆಣಸಿನ ಬೀಜವೂ ಹುಟ್ಟುತ್ತದೆ, ಆದರೆ ಎಷ್ಟು ಹಳೆಯದೋ ಗೊತ್ತಿರುವುದಿಲ್ಲ. ಮೊದಲು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಎರಡು ವಾರ ನೋಡಿ. ಐದಕ್ಕಿಂತ ಕಡಿಮೆ ಒಡೆದರೆ ಒತ್ತಾಗಿ ಬಿತ್ತುವುದಕ್ಕಿಂತ ಬೇರೆ ಬೀಜ ತರುವುದೇ ಮೇಲು. ಟೊಮೆಟೊದಲ್ಲಿ ಅರ್ಕಾ ವಿಕಾಸ್‌ನಂಥ ತಳಿಯಿಂದ ಬೀಜ ಉಳಿಸಿಕೊಳ್ಳಬಹುದು. ಅರ್ಕಾ ರಕ್ಷಕ್ ಹೈಬ್ರಿಡ್, ಅದರ ಹಣ್ಣಿನ ಬೀಜ ಹಾಕಿದರೆ ತಾಯಿಯಂತೆ ಬರುವುದಿಲ್ಲ.

ಅರ್ಧ ಸೆಂ.ಮೀ. ಆಳದಲ್ಲಿ, ಬೀಜಕ್ಕೂ ಬೀಜಕ್ಕೂ ಬೆರಳಗಲ ಬಿಟ್ಟು ಸಾಲಾಗಿ ಬಿತ್ತಿ, ಮೇಲೆ ಒದ್ದೆ ಪತ್ರಿಕೆ ಹೊದಿಸುತ್ತೇನೆ. ಟೊಮೆಟೊ ಸುಮಾರು ಒಂದು ವಾರಕ್ಕೆ ಎದ್ದರೆ ಮೆಣಸು ಎರಡು ವಾರ ಕಾಯಿಸುತ್ತದೆ. ಮೊದಲ ಮೊಳಕೆ ಕಂಡ ದಿನವೇ ಪತ್ರಿಕೆ ತೆಗೆಯಬೇಕು. ಒಂದು ದಿನ ತಡವಾದರೂ ಸಸಿ ಬೆಳಕು ಹುಡುಕಿ ನೀಳವಾಗಿ, ಬಿಳಿಚಿಕೊಂಡು ಬಾಗುತ್ತದೆ. ಕಿಟಕಿಯ ಬೆಳಕು ಸಾಲದು. ಬೆಳಗಿನ ಬಿಸಿಲು ಮೂರು ನಾಲ್ಕು ತಾಸಾದರೂ ಬೀಳುವ ಜಾಗ ಬೇಕು.

ಹೆಚ್ಚು ಸಸಿ ಸಾಯುವುದು ಬುಡ ಕೊಳೆಯುವುದರಿಂದ. ಸಂಜೆ ನೆಟ್ಟಗಿದ್ದ ಸಸಿ ಬೆಳಗ್ಗೆ ಅಡ್ಡ ಬಿದ್ದಿರುತ್ತದೆ, ಎಲೆ ಇನ್ನೂ ಹಸಿರೇ, ಆದರೆ ಮಣ್ಣಿನ ಮಟ್ಟದಲ್ಲಿ ಕಾಂಡ ದಾರದಂತೆ ಸಣ್ಣಗಾಗಿ ನೀರು ತುಂಬಿದ ಹಾಗಿರುತ್ತದೆ. ಇದು ಪಿಥಿಯಂನಂಥ ಸೂಕ್ಷ್ಮಜೀವಿಗಳ ಕೆಲಸ. ಅವಕ್ಕೆ ಒತ್ತಾದ ಬಿತ್ತನೆ, ಗಾಳಿಯಿಲ್ಲದ ಜಾಗ, ಸಂಜೆ ಹಾಕಿದ ನೀರು ಬಲು ಇಷ್ಟ. ಮಳೆಗಾಲದಲ್ಲಂತೂ ಡಬ್ಬಿಯನ್ನು ಸೂರಿನಡಿ ಇಡಲೇಬೇಕು. ಬಿದ್ದ ಸಸಿಯನ್ನು ಸುತ್ತಲ ಮಿಶ್ರಣದ ಸಮೇತ ಚಮಚದಲ್ಲಿ ತೆಗೆದು ಎಸೆಯಿರಿ. ಉಳಿದವುಗಳ ಬುಡಕ್ಕೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಕಲಸಿದ ನೀರು. ಮಾಮೂಲಿ ನೀರನ್ನು ಬೆಳಗ್ಗೆಯೇ, ತಟ್ಟೆಯಲ್ಲಿಟ್ಟು ತಳದಿಂದ ಹೀರಿಸಿ, ಮೇಲ್ಮೈ ತೇವವಾಗುತ್ತಲೇ ಎತ್ತಿಬಿಡಿ.

ಬೀಜದೆಲೆಯ ನಂತರ ನಿಜವಾದ ಎಲೆ ಎರಡು ಬಂದಾಗ ಪ್ಯಾಕೆಟ್‌ಗೆ ಬದಲಿಸುವುದು. ಹಿಡಿಯುವುದು ಎಲೆಯನ್ನು; ಕಾಂಡ ಜಜ್ಜಿದರೆ ಸಸಿ ಹೋಯಿತು. ಟೊಮೆಟೊವನ್ನು ಬೀಜದೆಲೆಯವರೆಗೆ ಹೂಳಬಹುದು, ಕಾಂಡದಲ್ಲೂ ಬೇರು ಬರುತ್ತದೆ. ಮೆಣಸು, ಬದನೆ ಮೊದಲಿದ್ದಷ್ಟೇ ಆಳ. ಎಲೆ ತಿಳಿಹಳದಿಯಾದರೆ ಲೀಟರು ನೀರಿಗೆ 1 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ), ವಾರಕ್ಕೊಮ್ಮೆ. ಎಲೆ ಮುರುಟು ರೋಗ ತರುವ ಬಿಳಿ ನೊಣಕ್ಕೆ ಸೊಳ್ಳೆ ಪರದೆಯ ಕಣ್ಣು ದೊಡ್ಡದಾಯಿತು, ಹಳೆಯ ವಾಯಿಲ್ ಸೀರೆ ಹೊದಿಸಿ.

ಟೊಮೆಟೊ 25–30 ದಿನಕ್ಕೆ, ಮೆಣಸು 40 ದಿನದ ಹೊತ್ತಿಗೆ ನಾಟಿಗೆ ಸಿದ್ಧ. ಅದಕ್ಕೂ ಒಂದು ವಾರ ಮುಂಚೆ ನೀರು ಸ್ವಲ್ಪ ಕಡಿಮೆ ಮಾಡಿ, ಬಿಸಿಲಿನ ತಾಸು ದಿನದಿನಕ್ಕೆ ಹೆಚ್ಚಿಸಿ. ನಾಟಿ ಸಂಜೆ ಹೊತ್ತು ಮಾಡಿ. ಪ್ಯಾಕೆಟನ್ನು ಕತ್ತರಿಯಿಂದ ಬದಿಯಲ್ಲಿ ಸೀಳಿದರೆ ಬೇರಿನ ಮುದ್ದೆ ಒಡೆಯದೆ ಹಾಗೇ ಕುಂಡಕ್ಕೆ ಇಳಿಯುತ್ತದೆ.